ಕೆಳಬೀದಿಯ ಹಗ್ಗ

ಸಂಕ್ರಾಂತಿಯ ದಿನ ನಮ್ಮೂರಲ್ಲಿ ಎಳ್ಳು ಬೀರುವುದಕ್ಕೆ ಮೊದಲು ನೆರಳು ಅಳೆಸಿಕೊಳ್ಳಬೇಕು. ಇದು ಯಾರು ಹಾಕಿದ ಕಟ್ಟಳೆಯೋ ನನಗೆ ತಿಳಿಯದು. ನನಗೆ ಹಗ್ಗ ಕೊಟ್ಟುಹೋದ ಸೋದರತ್ತೆಗೂ ತಿಳಿದಿರಲಿಲ್ಲ. ಹೊತ್ತು ಒಂದಾಳು ಮೇಲೆ ಬಂದಾಗ ಗುಡಿಯ ಗಂಟೆ ಬಾರಿಸುತ್ತಾರೆ. ಆಗ ನಾಲ್ಕೂ ಬೀದಿಗಳಲ್ಲಿ ಎಲ್ಲರೂ ಅವರವರ ಹೊಸ್ತಿಲ ಮುಂದೆ, ಹೋದ ವರ್ಷ ನಿಂತ ಕಲ್ಲಿನ ಮೇಲೆಯೇ ಬಂದು ನಿಲ್ಲುತ್ತಾರೆ. ನೆರಳಿನ ತಲೆ ಎಲ್ಲಿ ಮುಟ್ಟಿತೋ ಅಲ್ಲಿ ಕೆಮ್ಮಣ್ಣಿನ ಗೆರೆ ಎಳೆಯುತ್ತಾರೆ. ಹೋದ ವರ್ಷದ ಗೆರೆಯನ್ನು ಕಲ್ಲಿನಲ್ಲಿ ಕೊರೆದಿಟ್ಟಿರುತ್ತಾರೆ. ಎರಡು ಗೆರೆಗಳ ನಡುವೆ ಎಷ್ಟು ಬೆರಳು ಎಂದು ನಾನು ಹಗ್ಗ ಹಿಡಿದು ಮನೆಮನೆಗೂ ನೋಡುತ್ತಾ ಹೋಗುತ್ತೇನೆ. ಎಳ್ಳು, ಬೆಲ್ಲ, ಒಳ್ಳೆಯ ಮಾತು ಎಲ್ಲ ಅದಾದ ಮೇಲೆ.

ಬೇವಿನ ಮರದ ನೆರಳು, ಎತ್ತಿನ ನೆರಳು, ಗುಡಿಯ ಕಲ್ಲುಕಂಬದ ನೆರಳು ಎಂದೂ ಕುಗ್ಗಿದ್ದಿಲ್ಲ. ಕುಗ್ಗುವುದು ಮನುಷ್ಯರದು ಮಾತ್ರ. ಒಂದು ವರ್ಷ ಎರಡು ಬೆರಳು, ಒಂದು ವರ್ಷ ಐದು. ಶಿವ ಎಷ್ಟು ಎಳೆದುಕೊಂಡರೆ ಅಷ್ಟು. ಪೂರ್ತಿ ಮುಗಿದ ದಿನ ಆ ಮನುಷ್ಯ ಕಣ್ಣಿಗೆ ಕಾಣುವುದಿಲ್ಲ, ಅವನ ದನಿಯೂ ಕೇಳುವುದಿಲ್ಲ. ಸತ್ತರು ಎನ್ನಬಾರದು. ಬಡಿಸಿಟ್ಟ ತಾಟು ಖಾಲಿಯಾಗುತ್ತದೆ. ಬೆಳಿಗ್ಗೆ ಎದ್ದರೆ ಅಂಗಳ ಗುಡಿಸಿರುತ್ತದೆ. ಕಟ್ಟೆಯ ಮೇಲೆ ಕೂರುವ ಮೊದಲು ನಮ್ಮೂರಿನವರು ಅಂಗೈಯಿಂದ ಕಲ್ಲು ಮುಟ್ಟಿ ನೋಡುತ್ತಾರೆ. ಬೆಚ್ಚಗಿದ್ದರೆ ಸ್ವಲ್ಪ ಸರಿದು ಕೂರುತ್ತಾರೆ. ಅಳತೆಯ ದಿನ ಅಂಥವರು ಹೊಸ್ತಿಲ ಮೇಲೊಂದು ಹುಣಸೆಬೀಜ ಇಡುತ್ತಾರೆ, ಇದ್ದೇವೆ ಎನ್ನುವುದಕ್ಕೆ. ನಾನು ಬೀಜಕ್ಕೆ ಕೈಮುಗಿದು ಮುಂದಿನ ಮನೆಗೆ ಹೋಗುತ್ತೇನೆ. ಅವರಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ.

ನನ್ನ ಬಳಿ ಬೀದಿಗೊಂದರಂತೆ ಪುಂಡಿನಾರಿನ ನಾಲ್ಕು ಹಗ್ಗಗಳಿದ್ದವು: ಗುಡಿ ಬೀದಿಯದು, ಬಾವಿ ಬೀದಿಯದು, ನೇಕಾರ ಬೀದಿಯದು, ಕೆಳಬೀದಿಯದು. ಒಂದು ಬೀದಿಯವರೆಲ್ಲ ಕಳೆದುಕೊಂಡ ಬೆರಳುಗಳನ್ನು ಒಂದು ದಾರದ ಮೇಲೆ ಒಂದರ ಮುಂದೊಂದು ಹಿಡಿದು, ಎಷ್ಟು ತಲೆಗಳೋ ಅಷ್ಟು ಮಡಿಕೆ ಮಡಚಿದರೆ ತಲೆಗೆ ಇಷ್ಟು ಎಂದು ಸಿಗುತ್ತದೆ. ಅಷ್ಟು ದೂರ ಬಿಟ್ಟು ಆ ಬೀದಿಯ ಹಗ್ಗಕ್ಕೆ ಗಂಟು ಹಾಕುತ್ತೇನೆ. ನೆರಳು ಇದ್ದಲ್ಲೇ ಇದ್ದರೆ ಗಂಟಿನ ಮೇಲೆ ಗಂಟು. ಬೆಳೆದರೆ ಕೆಂಪು ನೂಲು ಸುತ್ತಬೇಕೆಂದು ಅತ್ತೆ ಹೇಳಿದ್ದಳು; ಅವಳ ಕಾಲದಲ್ಲಿ ಕೆಂಪು ನೂಲಿನ ಉಂಡೆ ಗೂಡಿನಲ್ಲಿ ಹಾಗೇ ಧೂಳು ಹಿಡಿದಿತ್ತು.

ಅತ್ತೆ ಹೋದ ಮೇಲೆ ನೆರಳು ಉಳಿಸಲೆಂದು ದೀಪಗಳು ಬಂದವು. ಗುಡ್ಡದ ಗವಿಯಲ್ಲಿ ತಾಯಿಯ ಮುಂದೆ ಉರಿಯುವ ಬೆಂಕಿಯಿಂದ ವರ್ಷಕ್ಕೊಂದೇ ಕುಡಿ ತರಬಹುದು. ಯುಗಾದಿಯ ಬೆಳಿಗ್ಗೆ ಅದನ್ನು ತಂದು ಒಂದು ಬೀದಿಯ ತಲೆಯಲ್ಲಿ ಕಲ್ಲಿನ ಗೂಡಿನೊಳಗೆ ಇಡುತ್ತಾರೆ. ಹಗಲೂ ಇರುಳೂ ಉರಿಯಬೇಕು. ಒಮ್ಮೆ ಆರಿದರೆ ಆ ಬೀದಿಗೆ ಗವಿ ಮತ್ತೆ ಕೊಡುವುದಿಲ್ಲ. ಯಾವ ಬೀದಿಗೆ ಮೊದಲು ಎಂದು ಚೀಟಿ ಎತ್ತಿದೆವು. ಮೊದಲ ವರ್ಷ ಗುಡಿ ಬೀದಿ, ಎರಡನೆಯ ವರ್ಷ ಬಾವಿ ಬೀದಿ, ಮೂರನೆಯ ವರ್ಷ ನೇಕಾರ ಬೀದಿ. ಕೆಳಬೀದಿಯ ಚೀಟಿ ಮೂರು ಸಲವೂ ಗಡಿಗೆಯ ತಳದಲ್ಲೇ ಉಳಿಯಿತು. ತಾಯಿಯ ಇಚ್ಛೆ ಎಂದೆವು.

ದೀಪದಿಂದ ನೆರಳಿಗೆ ಗುಣವಾಯಿತೋ ಇಲ್ಲವೋ ಹೇಳಬೇಕಾದವಳು ನಾನು. ಅತ್ತೆ ಕಲಿಸಿದ ದಾರಿ ಹೀಗಿತ್ತು. ಒಂದು ಬೀದಿ ಈ ವರ್ಷ ಎಷ್ಟು ಕಳೆದುಕೊಂಡಿತು ಎಂಬುದನ್ನು ಮಾತ್ರ ನೋಡಿದರೆ ಏನೂ ತಿಳಿಯದು, ಏಕೆಂದರೆ ಶಿವ ಎಳೆಯುವ ವರ್ಷ ಎಲ್ಲರದನ್ನೂ ಎಳೆಯುತ್ತಾನೆ. ಅದಕ್ಕೆ ಉಳಿದ ಬೀದಿಗಳು ಎಷ್ಟು ಕಳೆದುಕೊಂಡವು ಎಂದು ಪಕ್ಕದಲ್ಲಿಟ್ಟು ನೋಡಬೇಕು. ಇವರ ಇಳಿತಕ್ಕೂ ಅವರ ಇಳಿತಕ್ಕೂ ನಡುವೆ ಉಳಿದ ಅಂತರ ಏನಿದೆಯೋ ಅದೇ ಆ ಬೀದಿಗೆ ಬಂದ ಒಳ್ಳೆಯದು ಅಥವಾ ಕೆಟ್ಟದ್ದು.

ಮೊದಲ ವರ್ಷ ಗುಡಿ ಬೀದಿ ಎರಡು ಬೆರಳು ಕಳೆದುಕೊಂಡಿತು, ಉಳಿದ ಮೂರೂ ಬೀದಿಗಳು ಮೂರು ಮೂರು. ದೀಪ ಒಂದು ಬೆರಳು ಉಳಿಸಿತು ಎಂದೆ. ಊರೆಲ್ಲ ಹೋಳಿಗೆ ಮಾಡಿತು. ಮರುವರ್ಷ ಬಾವಿ ಬೀದಿ ಎರಡು ಕಳೆದುಕೊಂಡಿತು, ಉಳಿದವುಗಳನ್ನು ಕೂಡಿಸಿ ಮಡಚಿದರೆ ಅವೂ ಎರಡೇ. ದೀಪದಿಂದ ಅವರಿಗೆ ಏನೂ ಆಗಿಲ್ಲ ಎಂದೆ.

"ಆಗೂದು ಹ್ಯಾಂಗ? ಬಾವಿ ಬೀದಿಯವರಿಗೆ ಭಕ್ತಿ ಬಾಯಾಗ ಐತಿ, ಹೊಟ್ಟ್ಯಾಗ ಬರೇ ನೀರೈತಿ" ಎಂದು ಗುಡಿ ಬೀದಿಯವರು ನಕ್ಕರು. ಹೂ ಮಾರುವ ಕೊಟ್ರಯ್ಯ ಬಾವಿ ಬೀದಿಯವನು. ಅವನು ಆ ವರ್ಷವೆಲ್ಲ ತಲೆ ತಗ್ಗಿಸಿಯೇ ಹೂ ಕಟ್ಟಿದ. ಗಂಡಹೆಂಡತಿ ಇಬ್ಬರೂ ಸೋಮವಾರಕ್ಕೆ ಶನಿವಾರವನ್ನೂ ಸೇರಿಸಿ ಉಪವಾಸ ಹಿಡಿದರು.

ಮೂರನೆಯ ಸಂಕ್ರಾಂತಿಗೆ ನೇಕಾರ ಬೀದಿಯ ಸರದಿ. ನನ್ನ ಅಕ್ಕ ಹೊನ್ನವ್ವ ಇರುವುದು ಆ ಬೀದಿಯಲ್ಲಿ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಟೆ ಬಾರಿಸಿದಾಗ ಮಗ್ಗದ ಕುಣಿಯಿಂದ ಮೊಣಕಾಲು ಹಿಡಿದು ಎದ್ದು ಬಂದು ತನ್ನ ಕಲ್ಲಿನ ಮೇಲೆ ನಿಂತಳು. ನೆರಳು ಅವಳ ಪಾದದಿಂದ ಹೊರಟು ಒಂದು ಚಪ್ಪಲಿಯಷ್ಟು ಉದ್ದವೂ ಹೋಗದೆ ನಿಂತುಬಿಟ್ಟಿತ್ತು. ಆರು ಬೆರಳು.

"ಎಷ್ಟೈತಿ?" ಎಂದಳು, ಕೆಳಗೆ ನೋಡದೆ.

"ಆರು."

"ಹೋದ ವರ್ಷ ಎಂಟಿತ್ತು" ಎಂದಳು. ಮತ್ತೆ, "ಎಳ್ಳು ಒಯ್ಯೋದು ಮರೀಬ್ಯಾಡ. ಕೊಬ್ಬರಿ ಸಣ್ಣಗೆ ಹೆಚ್ಚೀನಿ, ನಿನಗ ಹಲ್ಲಿಲ್ಲಂತ."

"ಎರಡೇ ಹಲ್ಲ ಬಿದ್ದಾವ, ಅಕ್ಕಾ."

"ಅವೆರಡೇ ಕೆಲಸದ್ದು."

ಆ ಮಧ್ಯಾಹ್ನ ಗುಡಿಯ ಜಗುಲಿಯ ಮೇಲೆ ಕೂತು ದಾರ ಮಡಚಿದೆ. ಗುಡಿ ಬೀದಿ ಎರಡು ಬೆರಳು ಬೆಳೆದಿತ್ತು; ಮೊದಲ ಸಲ ಕೆಂಪು ನೂಲು ಸುತ್ತಿದೆ. ಬಾವಿ ಬೀದಿ ಇದ್ದಲ್ಲೇ ಇತ್ತು. ಕೆಳಬೀದಿ ಎಂದಿನಂತೆ ಮೂರು ಇಳಿದಿತ್ತು. ಈ ಮೂರನ್ನೂ ಕೂಡಿಸಿ ಮಡಚಿದರೆ ಒಂದು ಬೆರಳಿನ ಮೂರರಲ್ಲೊಂದು ಪಾಲಷ್ಟೇ ಇಳಿದಂತಾಯಿತು. ನೇಕಾರ ಬೀದಿ ಎರಡು ಬೆರಳು ಇಳಿದಿತ್ತು. ಒಂದಲ್ಲ ಮೂರು ಸಲ ಮಡಚಿದೆ. ಉಳಿದವರನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುವಾಗ ಹೊಸದಾಗಿ ದೀಪ ಬಂದ ಬೀದಿ ಇಳಿದಿದೆ ಎಂದರೆ ಏನರ್ಥ? ಕಂಡದ್ದನ್ನು ಹೇಳುತ್ತೇನೆಂದು ಹಗ್ಗ ಹಿಡಿದ ದಿನ ಆಣೆ ಮಾಡಿದ್ದೆ. ಹೇಳಿದೆ.

ನಮ್ಮೂರಿನ ಹಿರಿಯ ಗುರುಪಾದಜ್ಜ ಕಣ್ಣು ಮುಚ್ಚಿ ಕೇಳಿದ. ಕೆಟ್ಟವನಲ್ಲ, ಅವಸರದವನೂ ಅಲ್ಲ. "ಹಂಗಾರ ದೀಪ ಅಲ್ಲಿ ನೆರಳು ತಿನ್ನಾಕ ಹತ್ತೈತಿ. ತಾಯಿಗೆ ಆ ಬೀದಿ ಒಲ್ಲದಾಗೇತಿ. ಒಂಬತ್ತನೇ ದಿನ ಹಾಲು ಹೊಯ್ದು ದೀಪ ಶಾಂತ ಮಾಡೋಣು" ಎಂದ.

ನಾನೇ ಹೋಗಿ ಅಕ್ಕನಿಗೆ ತಿಳಿಸಿದೆ. ಅವಳು ಲಾಳಿ ನಿಲ್ಲಿಸಲಿಲ್ಲ. "ನಿನ್ನ ಹಗ್ಗ ಸುಳ್ಳು ಹೇಳೂದಿಲ್ಲ ಬಿಡು" ಎಂದಳಷ್ಟೆ. ಬೈದಿದ್ದರೆ ಆ ಎಂಟು ದಿನ ಸ್ವಲ್ಪವಾದರೂ ನಿದ್ದೆ ಬರುತ್ತಿತ್ತೇನೋ. ದೀಪ ತಿನ್ನುತ್ತಿದ್ದರೆ ಆರಿಸುವುದೇ ಅವಳಿಗೆ ಒಳ್ಳೆಯದು. ನನ್ನ ಅಳತೆ ತಪ್ಪಿದ್ದು ದೀಪ ಆರಿಸಿಬಿಟ್ಟರೆ, ವರ್ಷಕ್ಕೆ ಮೂರು ಬೆರಳಿನಂತೆ ಅವಳಿಗೆ ಎರಡೇ ವರ್ಷ. ಆಮೇಲೆ ಮಗ್ಗ ತಾನೇ ಆಡುವುದನ್ನು ನೋಡುತ್ತಾ ನಾನು ಕೂರಬೇಕು.

ಎಂಟನೆಯ ದಿನ ಬೆಳಿಗ್ಗೆ ಹೊಸ ದಾರಕ್ಕೆಂದು ಕೆಳಬೀದಿಗೆ ಹೋದೆ. ಊರಿನ ಹಗ್ಗಗಳನ್ನೆಲ್ಲ ಹೊಸೆಯುವವರು ಆ ಬೀದಿಯವರೇ. ಅಲ್ಲಿ ಎರಡು ಮನೆಗೊಂದು ಹೊಸ್ತಿಲ ಮೇಲೆ ಅಳತೆಯ ದಿನದ ಹುಣಸೆಬೀಜ ಇನ್ನೂ ಇತ್ತು. ದುರುಗವ್ವ ಬೀದಿಯ ಈ ತುದಿಯಲ್ಲಿ ಗೂಟಕ್ಕೆ ನಾರು ಕಟ್ಟಿಕೊಂಡು ಎಳೆ ಸರಿಪಡಿಸುತ್ತಿದ್ದಳು. ಆ ತುದಿಯಲ್ಲಿ ರಾಟೆ ತಿರುಗುತ್ತಿತ್ತು. ಹಿಡಿದವರು ಕಾಣಲಿಲ್ಲ. ಹುರಿ ಏರಿ ಹಗ್ಗ ಬಿಗಿಯಾದಂತೆ ರಾಟೆಯ ಹಲಗೆ ಧೂಳಿನಲ್ಲಿ ಗೆರೆ ಎಳೆಯುತ್ತಾ ಅಂಗುಲ ಅಂಗುಲವಾಗಿ ನಮ್ಮ ಕಡೆಗೆ ಬರುತ್ತಿತ್ತು. ಗೆರೆಯ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಗಳು ಒಂದೊಂದೇ ಮೂಡುತ್ತಿದ್ದವು. ಅದು ಅವಳ ಗಂಡ. ಆತನ ನೆರಳು ಮುಗಿದು ನಾಲ್ಕು ವರ್ಷ.

"ನಿಲ್ಲಿಸು ಮಾರಾಯ, ಅಳತಿ ಅವ್ವಾರು ಬಂದಾರ" ಎಂದು ದುರುಗವ್ವ ಕೂಗಿದಳು. ರಾಟೆ ನಿಂತಿತು. ನಾನು ಆ ಕಡೆಗೆ ಕೈಮುಗಿದೆ. ಧೂಳಿನಲ್ಲಿ ಎರಡು ಪಾದಗಳು ಜೋಡಿಯಾಗಿ ಮೂಡಿದವು.

"ಯಾಕ್ರೀ ಅವ್ವಾರ, ಮಾರಿ ಒಣಗಿದ ಪುಂಡಿ ಆಗೇತಿ?"

ಎಲ್ಲ ಹೇಳಿದೆ. ದಾರ ಮಡಚಿದ್ದು, ಉಳಿದ ಮೂರು ಬೀದಿ ಕೂಡಿಸಿದ್ದು, ನಾಳೆ ಹಾಲು ಹೊಯ್ಯುವುದು. ದುರುಗವ್ವ ನಾರನ್ನು ಹಲ್ಲಿನಲ್ಲಿ ಕಚ್ಚಿ ಸೀಳುತ್ತಾ ಕೇಳಿದಳು. ನಕ್ಕಳು.

"ನಮ್ಮ ಸೊಸಿ ಹೊಸದಾಗಿ ಬಂದಾಗ ಹಿಂಗ ಮಾಡಿದ್ಲರೀ. ಹುರಿ ಹಾಕಿದ್ರ ಹಗ್ಗ ಎಷ್ಟ ಗಿಡ್ಡ ಆಗತೈತಿ ನೋಡು ಅಂದ್ರ, ಎದುರು ಮನಿಯವರು ಹೊಸಿಯೋ ಹಗ್ಗದ ಜೋಡಿ ಇಟ್ಟು ನೋಡಿದ್ಲು. ಅವರದು ನಮಗಿಂತ ಮೊದಲ ಸುರು ಆಗಿತ್ತು, ಹುರಿ ಜೋರು ಏರಿತ್ತು. ಓಡಿ ಬಂದು, ಅತ್ತೀ, ನಮ್ಮ ಹಗ್ಗ ಉದ್ದ ಆಗೇತಿ ಅಂದ್ಲು! ಹುರಿ ಹಾಕಿದ್ರ ಹಗ್ಗ ಉದ್ದ ಆಗೂದು ಎಲ್ಲ್ಯಾರ ಕೇಳೀರೇನು?"

"ನೀ ಏನಂದಿ?"

"ಹುಚ್ಚಿ, ಹುರಿ ಹಾಕಲಾರದ ನಾರಿನ ಜೋಡಿ ಇಟ್ಟು ನೋಡು ಅಂದೆ. ಎದುರಿಂದೂ ಹುರಿ ಏರಾಕ ಹತ್ತಿದ್ದ ಹಗ್ಗ, ಅದಕ್ಕ ಇದನ್ನ ಹೋಲಿಸಿದ್ರ ಏನ್ ಹೇಳೀತು?"

ಅಲ್ಲೇ ಧೂಳಿನಲ್ಲಿ ಕೂತುಬಿಟ್ಟೆ. ಗುಡಿ ಬೀದಿಗೆ ಮೂರು ವರ್ಷದ ಹುರಿ ಏರಿತ್ತು. ಬಾವಿ ಬೀದಿಗೆ ಎರಡು ವರ್ಷದ್ದು. ಅವುಗಳ ಪಕ್ಕದಲ್ಲಿ ಈಗಷ್ಟೇ ದೀಪ ಕಂಡ ನೇಕಾರ ಬೀದಿಯನ್ನಿಟ್ಟು ಇವರು ಹಿಂದೆ ಬಿದ್ದರು ಎಂದಿದ್ದೆ. ಅತ್ತೆಯ ದಾರಿ ತಪ್ಪಲ್ಲ. ಆದರೆ ಅತ್ತೆಯ ಕಾಲದಲ್ಲಿ ಯಾವ ಬೀದಿಗೂ ದೀಪವೇ ಇರಲಿಲ್ಲ. ಊರಲ್ಲಿ ಹುರಿ ಹಾಕದ ನಾರು ಈಗ ಒಂದೇ ಉಳಿದಿತ್ತು. ಅದು ನಾನು ಕೂತ ಬೀದಿ.

ಮರುದಿನ ಬೆಳಿಗ್ಗೆ ಜನ ಗುಡಿಯ ಮುಂದೆ ಸೇರಿದ್ದರು. ಹಾಲಿನ ಚೊಂಬು ಗುರುಪಾದಜ್ಜನ ಪಕ್ಕದಲ್ಲಿತ್ತು. ಅಕ್ಕ ನೇಕಾರ ಬೀದಿಯ ಹೆಂಗಸರ ನಡುವೆ ಸೆರಗು ಹೊದ್ದು ಕೂತಿದ್ದಳು. ನಾನು ನಾಲ್ಕೂ ಹಗ್ಗಗಳನ್ನು ಹಾಸುಗಲ್ಲಿನ ಮೇಲೆ ಚಾಚಿ ಮಲಗಿಸಿದೆ.

"ನಾ ತಪ್ಪ ಅಳದೀನಿ, ಅಜ್ಜಾ" ಎಂದೆ.

ಕೊಟ್ರಯ್ಯ ಹಿಂದಿನಿಂದ, "ಅಕ್ಕನ ಬೀದಿ ಬಂದ ಕೂಡ್ಲೇ ತಪ್ಪಾತೇನವ್ವಾ? ನಮ್ಮ ಬೀದಿಗೆ ಸರಿ ಇತ್ತಲ್ಲ!" ಎಂದ. ಜನ ಗೊಳ್ಳೆಂದು ನಕ್ಕರು.

"ನಿಮ್ಮ ಬೀದಿದೂ ತಪ್ಪಾಗೇತಿ, ಕೊಟ್ರಯ್ಯಾ. ನಿಮ್ಮ ಭಕ್ತಿ ಕಡಿಮಿ ಇರ್ಲಿಲ್ಲ, ನನ್ನ ತಿಳುವಳಿಕಿ ಕಡಿಮಿ ಇತ್ತು. ಇಲ್ಲಿ ಬಾ, ಈ ಹಗ್ಗ ಹಿಡಿ."

ಅವನು ಬಂದು ಬಾವಿ ಬೀದಿಯ ಹಗ್ಗ ಹಿಡಿದ. ವರ್ಷ ನೋಡಿ ಜೋಡಿಸಬೇಡ, ದೀಪ ಬಂದ ಗಂಟು ನೋಡಿ ಜೋಡಿಸು ಎಂದೆ. ಮೂರೂ ಬೀದಿಗಳ ದೀಪದ ಗಂಟುಗಳನ್ನು ಒಂದೇ ಸಾಲಿಗೆ ತಂದೆವು. ಗುಡಿ ಬೀದಿ ದೀಪ ಬಂದ ಮೊದಲ ವರ್ಷ ಎರಡು ಬೆರಳು ಇಳಿದಿತ್ತು. ಬಾವಿ ಬೀದಿಯೂ ಎರಡು. ನೇಕಾರ ಬೀದಿಯೂ ಎರಡು. ಮೂರು ಗಂಟುಗಳೂ ಒಂದೇ ಗೆರೆಯ ಮೇಲೆ ಕೂತವು. ಎರಡನೆಯ ವರ್ಷ ಗುಡಿ ಬೀದಿಗೂ ಬಾವಿ ಬೀದಿಗೂ ಗಂಟಿನ ಮೇಲೆ ಗಂಟು. ಅದೇ ಮೂರೂ ವರ್ಷ ದೀಪವಿಲ್ಲದ ಕೆಳಬೀದಿ ಮೂರು, ಮೂರು, ಮೂರು.

"ದುರುಗವ್ವ ಅಂದಂಗ, ಹುರಿ ಹಾಕಲಾರದ ನಾರಿನ ಜೋಡಿ ಇಟ್ಟು ನೋಡ್ರಿ. ದೀಪ ನಿಧಾನಕ್ಕ ಕೆಲಸ ಮಾಡತೈತಿ. ಮೊದಲ ವರ್ಷ ಒಂದ ಬೆರಳ ಉಳಸತೈತಿ, ಆಮ್ಯಾಲೆ ಹೆಚ್ಚು" ಎಂದೆ.

ಗುರುಪಾದಜ್ಜ ಬಗ್ಗಿ ನೋಡಿದ. "ಒಂದ ಮಾತು, ಸಂಕವ್ವಾ. ನೇಕಾರ ಬೀದಿನ ಕೆಳಬೀದಿಗೆ ಹೋಲಿಸಾಕ ಹತ್ತೀ. ದೀಪ ಬರೂಕ್ಕಿಂತ ಮುಂಚೆ ಈ ಎರಡೂ ಬೀದಿ ಕೂಡೇ ಇಳೀತಿದ್ದುವೇನು? ಮೊದಲಿಂದ ಅವರ ದಾರಿನ ಬ್ಯಾರೆ ಇದ್ರ?"

ಈ ಪ್ರಶ್ನೆ ಬರಲೆಂದು ತಾಯಿಯನ್ನು ಬೇಡಿಕೊಂಡು ಬಂದಿದ್ದೆ. ನೇಕಾರ ಬೀದಿಯ ಹಗ್ಗವನ್ನೂ ಕೆಳಬೀದಿಯ ಹಗ್ಗವನ್ನೂ ಅತ್ತೆ ಹಾಕಿದ ಮೊದಲ ಗಂಟಿನಿಂದ ಪಕ್ಕಪಕ್ಕಕ್ಕೆ ಬಿಚ್ಚಿ ಹಾಸಿದೆ. ಇಪ್ಪತ್ತೊಂದು ವರ್ಷ. ಒಂದು ನೊಗದ ಎತ್ತುಗಳ ಹಾಗೆ ಗಂಟಿಗೆ ಗಂಟು ಹೆಜ್ಜೆ ಹಾಕುತ್ತಾ ಬಂದಿದ್ದವು. ಶಿವ ಐದು ಬೆರಳು ಎಳೆದ ವರ್ಷ ಎರಡರಲ್ಲೂ ಐದು. ಕಡೆಯ ಗಂಟಿನಲ್ಲಿ ಮಾತ್ರ, ದೀಪ ಬಂದ ಮೇಲೆ, ಒಂದು ಬೆರಳಿನಷ್ಟು ಅಗಲಿದ್ದವು. ಅಜ್ಜ ಆ ಅಗಲಿಕೆಯಲ್ಲಿ ತನ್ನ ತೋರುಬೆರಳು ಇಟ್ಟ. ಸರಿಯಾಗಿ ಕೂತಿತು.

ಆಮೇಲೆ ಚೊಂಬಿನ ಹಾಲನ್ನು ಗುಡಿಯ ತಾಯಿಯ ಪಾದಕ್ಕೆ ಹೊಯ್ದ. ಅಕ್ಕನ ದೀಪ ಉಳಿಯಿತು. ಕೊಟ್ರಯ್ಯ ಬುಟ್ಟಿಯಲ್ಲಿದ್ದ ಅಷ್ಟೂ ಹೂವನ್ನು ಹಗ್ಗಗಳ ಮೇಲೆ ಸುರಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಂತೋಷದಿಂದ ಹೇಳುತ್ತಿದ್ದೆ. ಆದರೆ ಅಜ್ಜ ಮತ್ತೆ ಮಾತೆತ್ತಿದ. "ಇನ್ನೊಂದು ಐತಿ. ಯುಗಾದಿಗೆ ನಾಕನೇ ಕುಡಿ ಬರತೈತಿ. ಅದನ್ನ ಕೆಳಬೀದಿಗೆ ಕೊಟ್ರ, ಮುಂದ ದೀಪ ಗುಣ ಮಾಡತೈತೋ ಇಲ್ಲೋ ತಿಳಿಯೂದು ಹ್ಯಾಂಗ? ಹುರಿ ಹಾಕಲಾರದ ನಾರು ಒಂದರ ಬೇಕಲ್ಲ. ಕೆಳಬೀದಿ ಹಂಗ ಇರ್ಲಿ, ಇನ್ನ ಕೆಲವು ವರ್ಷ."

ಗುಡಿಯ ಮೆಟ್ಟಿಲ ಕೆಳಗೆ ನಿಂತ ದುರುಗವ್ವ ನನ್ನನ್ನೇ ನೋಡಿದಳು. ಅವಳ ನೆರಳು ನಾಲ್ಕು ಬೆರಳು, ನಾನೇ ಅಳೆದಿದ್ದೆ.

"ನಮ್ಮನ್ನ ನೋಡಿ ನೀವು ತಿಳ್ಕೊಂಡ್ರಿ, ಅವ್ವಾರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾವು ಯಾರನ್ನ ನೋಡೋಣ್ರಿ?"

ಅವಳ ಪಕ್ಕದಲ್ಲಿ, ಬೀದಿಯ ಉದ್ದಕ್ಕೂ, ಧೂಳಿನಲ್ಲಿ ಜೋಡಿ ಜೋಡಿಯಾಗಿ ಪಾದಗಳು ಮೂಡಿದ್ದವು. ಯಾವಾಗ ಬಂದು ನಿಂತರೋ ನಾವು ಯಾರೂ ನೋಡಿರಲಿಲ್ಲ. ಬೆಳಗಿನ ಬಿಸಿಲು ಅಡ್ಡವಿಲ್ಲದೆ ಅವರ ಮೇಲೆ ಬಿದ್ದು ನೆಲ ಮುಟ್ಟುತ್ತಿತ್ತು. ಎಲ್ಲ ಪಾದಗಳ ಬೆರಳುಗಳೂ ನನ್ನ ಕಡೆಗೆ ತಿರುಗಿದ್ದವು.

ಅಜ್ಜನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಕೆಳಬೀದಿಗೂ ದೀಪ ಬಂದರೆ, ನಾಳೆ ಯಾವನಾದರೂ ಎದ್ದು ನೇಕಾರ ಬೀದಿಯ ದೀಪ ಕೆಟ್ಟದ್ದು ಎಂದರೆ, ಅಕ್ಕನ ಪರವಾಗಿ ತೋರಿಸಲು ನನ್ನ ಬಳಿ ಏನೂ ಇರುವುದಿಲ್ಲ. ನಾನು ಅಕ್ಕನ ಕಡೆಗೆ ನೋಡಿದೆ. ಅವಳು ಮೊಣಕಾಲು ಹಿಡಿದು ಎದ್ದು ಹಾಸುಗಲ್ಲಿನ ಹತ್ತಿರ ಬಂದು ಕೂತಳು.

"ಸಂಕೀ" ಎಂದಳು, "ಗಂಟು ಹಾಕಾಕ ಬಂದವಳಿಗೆ ಬಿಚ್ಚಾಕ ಬರೂದಿಲ್ಲೇನ?"

ನನ್ನ ಕೈಗೆ ಮನಸ್ಸಿಗಿಂತ ಮೊದಲು ಅರ್ಥವಾಯಿತು. ಕೆಳಬೀದಿಯ ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡು ಈ ವರ್ಷದ ಗಂಟು ಬಿಚ್ಚಿದೆ. ಹೋದ ವರ್ಷದ್ದು ಬಿಚ್ಚಿದೆ. ಅಕ್ಕ ಆ ತುದಿಯಿಂದ, ಅತ್ತೆ ಹಾಕಿದ ಮೊದಲ ಗಂಟಿನಿಂದ ಸುರು ಮಾಡಿದಳು. ನೂಲು ಸಿಕ್ಕು ಬಿಡಿಸಿ ಪಳಗಿದ ಬೆರಳು ಅವಳದು, ನನಗಿಂತ ಜೋರಾಗಿ ಸಾಗಿತು. ಇಪ್ಪತ್ತೊಂದು ವರ್ಷದ ಗಂಟುಗಳು ಬಿಗಿದು ಕಲ್ಲಾಗಿದ್ದವು. ನನಗೆ ಎರಡು ಉಗುರು ಕಿತ್ತು ರಕ್ತ ಬಂತು. ಅಜ್ಜ ತಡೆಯಬಹುದಿತ್ತು. ತಡೆಯಲಿಲ್ಲ. ನಡುವಿನ ಗಂಟಿನಲ್ಲಿ ಅಕ್ಕನ ಕೈಯೂ ನನ್ನ ಕೈಯೂ ಕೂಡಿದವು.

"ಹಿಂದಿಂದು ಇಲ್ಲ ಈಗ, ಅಜ್ಜಾ" ಎಂದೆ, ಬರಿದಾದ ಹಗ್ಗ ಎತ್ತಿ ಹಿಡಿದು. "ಮೊದಲಿಂದ ಕೂಡೇ ಇಳೀತಿದ್ದುವೋ ಇಲ್ಲೋ ತೋರಸಾಕ ಏನೂ ಉಳಿದಿಲ್ಲ. ಇವರನ್ನ ಕತ್ತಲಾಗ ಇಟ್ರೂ ನಿಮಗ ಏನೂ ತಿಳಿಯೂದಿಲ್ಲ."

ಮನೆಮನೆಯ ಕಲ್ಲುಗಳಲ್ಲಿ ಹಳೆಯ ಗೆರೆಗಳು ಉಳಿದಿರುತ್ತವಲ್ಲ ಎಂದು ಯಾರೂ ಕೇಳಲಿಲ್ಲ. ಅಜ್ಜನಿಗೆ ನೆನಪಿತ್ತೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡ. "ತಾಯಿ ನಡಸಿದಂಗ" ಎಂದು ಎದ್ದುಹೋದ.

ಯುಗಾದಿಗೆ ದೀಪ ಕೆಳಬೀದಿಗೆ ಹೋಯಿತು. ಅದೇ ವರ್ಷ ಆಷಾಢದಲ್ಲಿ ಜೋರು ಗಾಳಿ ಬೀಸಿತು. ಉಳಿದ ಮೂರು ದೀಪಗಳನ್ನು ಜನ ಸೆರಗು, ಕಂಬಳಿ, ಮೈ ಅಡ್ಡ ಹಿಡಿದು ಕಾಯ್ದರು. ಕೆಳಬೀದಿಯ ದೀಪಕ್ಕೆ ಯಾರೂ ಅಡ್ಡ ನಿಂತಂತೆ ಕಾಣಲಿಲ್ಲ. ಆದರೂ ಕುಡಿ ಅಲುಗಲಿಲ್ಲ.

ಮರುಸಂಕ್ರಾಂತಿ ಬಂತು. ಅಕ್ಕನ ನೆರಳು ಆರು ಬೆರಳೇ ಇತ್ತು. ಗಂಟಿನ ಮೇಲೆ ಗಂಟು ಹಾಕಿದೆ. ದೀಪದಿಂದಲೋ, ಅಥವಾ ಆ ವರ್ಷ ಶಿವ ಯಾರದನ್ನೂ ಎಳೆಯಲೇ ಇಲ್ಲವೋ? ಹೇಳುವ ದಾರಿ ಇರಲಿಲ್ಲ. ಊರಲ್ಲಿ ಹುರಿ ಹಾಕದ ನಾರು ಉಳಿದಿರಲಿಲ್ಲ. ಅಕ್ಕ ಕೇಳಲೂ ಇಲ್ಲ. ಕೊಬ್ಬರಿ ಸಣ್ಣಗೆ ಹೆಚ್ಚಿಟ್ಟಿದ್ದಳು.

ಕಡೆಗೆ ಕೆಳಬೀದಿಗೆ ಹೋದೆ. ದುರುಗವ್ವನ ನೆರಳು ಎರಡು ಬೆರಳು ಉಳಿದಿತ್ತು. ಅವಳ ಹೊಸ್ತಿಲ ಮೇಲೆ ಹುಣಸೆಬೀಜ ಇತ್ತು. ಎಂದಿನಂತೆ ಕೈಮುಗಿದು ಮುಂದೆ ಹೊರಟವಳನ್ನು ಅವಳು ತೋಳು ಹಿಡಿದು ನಿಲ್ಲಿಸಿದಳು. ಗದ್ದದಿಂದ ನೆಲ ತೋರಿಸಿದಳು.

ಗಂಡ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಹಿಂದಿನ ಗೋಡೆ, ಗೋಡೆಗೆ ಒರಗಿಸಿಟ್ಟ ರಾಟೆ ಎಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಆದರೆ ಕಲ್ಲಿನ ಅಂಚಿನಿಂದ ಹೊರಕ್ಕೆ, ಬಿಸಿಲಿನಲ್ಲಿ, ಕಪ್ಪಗೆ ಒಂದು ನೆರಳು ಬಿದ್ದಿತ್ತು. ಸಣ್ಣದು. ಉಸಿರಾಡುವವರ ನೆರಳಿನ ಹಾಗೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ಕೆಮ್ಮಣ್ಣು ತಂದು ಗೆರೆ ಎಳೆದೆ. ಬೆರಳಿಟ್ಟು ನೋಡಿದೆ. ನೆರಳು ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಬೆಚ್ಚಗಿತ್ತು.

"ಎಷ್ಟೈತ್ರಿ?" ಎಂದಳು ದುರುಗವ್ವ.

"ಒಂದು" ಎಂದೆ. ಗಂಟೇ ಇಲ್ಲದ ಹಗ್ಗ ತೆಗೆದು ಕೆಂಪು ನೂಲಿನ ತುದಿ ಹುಡುಕಿದೆ. ತುದಿ ಸಿಗಲಿಲ್ಲ. ಆಗ ಉಂಡೆ ತಾನಾಗಿ ನನ್ನ ಕೈಯಿಂದ ಮೇಲೆದ್ದಿತು, ಎಳೆ ಬಿಚ್ಚಿಕೊಂಡಿತು. ನಾನು ಹಗ್ಗ ನೀಟಾಗಿ ಹಿಡಿದುಕೊಂಡೆ.